ಹಸಿ ವಾರ್ನಿಷ್

ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಗೆ ತಾಗಿದ್ದೇ ಚುಸ್ಸೆಂದಿತು. ಆವಿ ಮುಖಕ್ಕೆ ರಾಚಿತು. ಅವನು ಮೊಣಕಾಲೂರಿ, ಬಟ್ಟೆ ಎತ್ತಿ ನೋಡಿದ. ಹಲಗೆ ನೆಲದ ಕುಳಿ ತುಸು ಮೇಲೆದ್ದಿತ್ತು. ಭಾರಕ್ಕೆ ಕುಗ್ಗಿದ ಮರ ನೀರು ಕುಡಿದು ಬಿಸಿ ತಾಗಿದರೆ ಮತ್ತೆ ಉಬ್ಬುತ್ತದೆ ಎಂದು ಬಣ್ಣದಂಗಡಿಯವನು ಹೇಳಿದ್ದು ಸುಳ್ಳಲ್ಲ. ಮೊದಲು ಹಳೇ ವಾರ್ನಿಷ್ ಕೆರೆಯಬೇಕು, ಅಷ್ಟೆ. ಇಲ್ಲದಿದ್ದರೆ ನೀರು ಒಳಗಿಳಿಯುವುದಿಲ್ಲ.

ಒಟ್ಟು ನಾಲ್ಕು ಕುಳಿ. ಅಕ್ಕನ ಹೊಲಿಗೆಯಂತ್ರ ಕಾಲೂರಿದ್ದ ಜಾಗ. ಅದನ್ನು ತುಳಿದು ತುಳಿದೇ ಅವಳು ಅವನನ್ನು ಓದಿಸಿದ್ದಳು. ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರಾದ. ಮದುವೆಯ ಮಾತೆತ್ತಿದವರಿಗೆಲ್ಲ ಅವಳು 'ಮೊದಲು ಇವನದಾಗಲಿ' ಎನ್ನುತ್ತಿದ್ದಳು. ಅವನದಾಗಲಿಲ್ಲ. ತಲೆ ಅರ್ಧ ನರೆತ ಮೇಲೆ, ಹೋದ ತಿಂಗಳು, ಬಸ್ ಡ್ರೈವರೊಬ್ಬನನ್ನು ಮದುವೆಯಾಗಿ ಯಂತ್ರದ ಸಮೇತ ಹೊರಟುಹೋದಳು. ಸಾಕ್ಷಿಯ ಸಹಿ ಹಾಕಿದವನು ಅವನೇ.

ಇವತ್ತು ಉಳಿದ ಬಟ್ಟೆಬರೆ ಒಯ್ಯಲು ಬರುವವಳಿದ್ದಳು.

ನೆಲ ಅಸಹ್ಯವಾಗಿ ಕಾಣುತ್ತದೆ, ಅದಕ್ಕೇ ಈ ಕೆಲಸ ಎಂದು ಬೆಳಗ್ಗೆ ತನಗೆ ತಾನೇ ಹೇಳಿಕೊಂಡಿದ್ದ. ಕೊನೆಯ ಕುಳಿಗೆ ಬರುವಷ್ಟರಲ್ಲಿ ಆ ವಾದ ಬಿದ್ದುಹೋಗಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಬೇಕು, ಮುಖ ಸಣ್ಣದಾಗಬೇಕು, 'ನನ್ನ ಗುರುತೇ ಇಲ್ಲದ ಹಾಗೆ ಮಾಡಿಬಿಟ್ಯಲ್ಲೋ' ಎನ್ನಬೇಕು. ಆಗ ತಾನೇನು ಹೇಳಬೇಕೆಂಬುದನ್ನೂ ಯೋಚಿಸಿಟ್ಟಿದ್ದ: ಏನೂ ಹೇಳಬಾರದು.

ಮರಳುಕಾಗದದಿಂದ ಉಜ್ಜಿ, ಪುಡಿ ಒರೆಸಿ, ಊಟ ಮರೆತು ವಾರ್ನಿಷ್ ಬಳಿದ. ಸುತ್ತಲಿನ ನೆಲ ಮಂಕಾಗಿ ಕಂಡಿತು. ಕೈ ನಿಲ್ಲಲಿಲ್ಲ, ಮೂಲೆಯಿಂದ ಹೊಸ್ತಿಲವರೆಗೂ ಬಳಿದುಬಿಟ್ಟ.

ಸಂಜೆ ಅಕ್ಕ, ಭಾವ ಇಬ್ಬರೂ ಬಂದರು.

"ಪುಟ್ಟ, ಊಟ ಮಾಡಿದ್ಯಾ?" ಅಕ್ಕ ಕೇಳಿದಳು.

"ಹೂಂ."

"ಇದೇನೋ ವಾಸನೆ?"

"ನಿನ್ನ ರೂಮು. ಒಳಗೆ ಹೋಗಬೇಡ, ಹಸಿ ಇದೆ. ಬ್ಯಾಗು ಇಲ್ಲೇ ಇಟ್ಟಿದೀನಿ."

ಅವಳು ಬಾಗಿಲಲ್ಲಿ ನಿಂತು ಇಣುಕಿದಳು. ಅವನು ಅವಳ ಮುಖವನ್ನೇ ನೋಡಿದ.

"ಅಬ್ಬಾ, ಕನ್ನಡಿ ಆಗಿದೆಯಲ್ಲೋ! ಒಳ್ಳೇ ಕೆಲಸ ಮಾಡಿದೆ. ಆ ಕುಳಿ ನೋಡಿದಾಗೆಲ್ಲ ನಂಗೆ ಹೇಗ್ಹೇಗೋ ಆಗೋದು."

"ಯಾಕೆ?"

"ಯಾಕೇಂದ್ರೆ? ಅರ್ಧ ಆಯಸ್ಸು ಅಲ್ಲೇ ಕೂತಿದ್ದೆನಲ್ಲ." ನಕ್ಕಳು. "ಯಾರಿಗಾದ್ರೂ ಬಾಡಿಗೆಗೆ ಕೊಡು. ನಿಂಗೂ ಜೊತೆಯಾಗುತ್ತೆ."

ಚುಚ್ಚಿ ಹೇಳಿದ ಮಾತಲ್ಲ.

"ಎಲ್ಲಿ ಮೇಷ್ಟ್ರೇ, ನಾವೂ ನೋಡೋಣ" ಎನ್ನುತ್ತ ಡ್ರೈವರು ಭಾವ ನುಗ್ಗಿದ. ದೊಡ್ಡ ಗಂಟಲಿನ ಒಳ್ಳೆಯ ಮನುಷ್ಯ. ತಡೆಯುವಷ್ಟರಲ್ಲಿ ಒಂದು ಕಾಲು ಒಳಗಿಟ್ಟಾಗಿತ್ತು. ಕಾಲುಚೀಲ ನೆಲಕ್ಕೆ ಅಂಟಿಕೊಂಡಿತು.

"ಅಯ್ಯಯ್ಯೋ, ಬ್ರೇಕ್ ಬಿತ್ತು!"

"ಅಲ್ಲಾಡಬೇಡಿ" ಎಂದು ಅಕ್ಕ ನಗುತ್ತಲೇ ಕುಕ್ಕರುಗಾಲಲ್ಲಿ ಕೂತಳು. ಗಂಡನ ಹಿಮ್ಮಡಿ ಹಿಡಿದು, ಕಾಲುಚೀಲದ ಅಂಚು ಸರಿಸಿ, ಪಾದವನ್ನು ಮೆಲ್ಲಗೆ ಹೊರಗೆ ತೆಗೆದಳು. ಭಾವ ಅವಳ ತಲೆಯ ಮೇಲೆ ಕೈಯೂರಿ ನಿಂತಿದ್ದ. ಆ ಬರಿಗಾಲನ್ನು ಅವಳು ಒಂದು ಗಳಿಗೆ ಅಂಗೈಯಲ್ಲೇ ಇಟ್ಟುಕೊಂಡಳು.

ಅವಳ ತಮ್ಮ ಗೋಡೆಯ ಕಡೆ ತಿರುಗಿದ.

"ಇವತ್ತು ಇಲ್ಲೇ ಇದ್ದುಬಿಡಿ" ಎಂದ, ಗೋಡೆಗೆ.

"ಬೆಳಗ್ಗೆ ಮೊದಲ ಬಸ್ಸು ಇವರದೇ ಕಣೋ."

"ನೀನು?"

ಅಕ್ಕ ಬ್ಯಾಗಿನ ಜಿಪ್ಪು ಎಳೆದಳು. "ಫೋನ್ ಮಾಡ್ತಿರು" ಎಂದಳು.

"ಕಾಲುಚೀಲ ನಿಮಗೇ ಇರಲಿ ಮೇಷ್ಟ್ರೇ!" ಭಾವ ಮೆಟ್ಟಿಲಿಳಿಯುತ್ತ ಕೂಗಿದ. ಅಕ್ಕನ ನಗು ಬೀದಿಯ ತಿರುವಿನವರೆಗೂ ಕೇಳಿಸಿತು. ಈ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ಅವನಿಗೆ ನೆನಪಿರಲಿಲ್ಲ.

ದೀಪ ಹಾಕಿದ. ಕುಳಿಗಳಿದ್ದ ಜಾಗವನ್ನು ಕಣ್ಣಲ್ಲೇ ಹುಡುಕಿದ, ಸಿಗಲಿಲ್ಲ. ಖಾಲಿ ಕೋಣೆಯ ಕೆಳಗೆ ತಲೆಕೆಳಗಾಗಿ ಇನ್ನೊಂದು ಖಾಲಿ ಕೋಣೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಆ ಕಾಲುಚೀಲ, ಒಳಗೆ ಪಾದವಿಲ್ಲದಿದ್ದರೂ ಪಾದದ ಆಕಾರ ಬಿಡದೆ, ಬಾಯಿ ತೆರೆದುಕೊಂಡು, ಇನ್ನೊಂದು ಹೆಜ್ಜೆ ಮುಂದಿಡುವ ಹಾಗೆ ನಿಂತಿತ್ತು. ಅವನು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ, ತನ್ನೊಳಗೇ ಕುಸಿಯತೊಡಗಿತು.