ಅಳಿಸಿಹೋದ ಸುಳಿ

ಹೊಳಲಿನ ಚಿಕ್ಕಣ್ಣನಿಗೆ ಕೋಪ ಬಂದರೆ ಎಲ್ಲರಂತೆ ಊಟ ಬಿಡುವುದಿಲ್ಲ, ಇನ್ನೂ ಜಾಸ್ತಿ ಉಣ್ಣುತ್ತಾನೆ. ಅವತ್ತು ಮಧ್ಯಾಹ್ನ ಮೂರನೇ ಮುದ್ದೆಗೆ ಕೈ ಹಾಕಿದಾಗಲೇ ಮಗಳು ಚಂದನಳಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

“ನಮ್ಮೆತ್ತು ಕೊಳ್ಳಾಕೆ ಅಂತ ಮಳವಳ್ಳಿ ಕೆಂಪಸಿದ್ದಯ್ಯ ಫೋನ್ ಮಾಡಿದ್ದ. ಎತ್ತಿನ ಸುಳಿ ಅಳಿಸ್ಬುಟ್ಟು ಫೋಟೋ ಆಕಿದ್ದೀಯ ಅಂತಾನೆ ಕಣವ್ವ! ನಾನು ಕಳ್ಳನಂತೆ!”

ಸುತ್ತಲ ರೈತರು ಎತ್ತು ಮಾರಲೆಂದು ವೆಬ್‌ಸೈಟ್ ಕಟ್ಟಿ, ಅದರಲ್ಲಿ ಅಪ್ಪನ ಎತ್ತಿನ ಫೋಟೋ ಹಾಕಿದವಳು ಚಂದನಳೇ. ಈ ಸೀಮೆಯಲ್ಲಿ ಎತ್ತು ಕೊಳ್ಳುವವರು ಮೊದಲು ನೋಡುವುದು ಸುಳಿ, ಮೈಮೇಲೆ ಕೂದಲು ಸುತ್ತಿಕೊಂಡು ನಿಂತ ಜಾಗ. ಒಳ್ಳೆಯ ಸುಳಿಯಾದರೆ ಮನೆಗೆ ಶುಭ, ಕೆಟ್ಟದ್ದಾದರೆ ಕೇಡು ಎಂಬ ನಂಬಿಕೆ. ಸುಳಿ ಮುಚ್ಚಿಟ್ಟವನೆಂಬ ಮಾತು ಹಬ್ಬಿದರೆ ಮುಗಿಯಿತು, ಅಪ್ಪ ಮತ್ತೆ ನಾಲ್ಕು ಜನರ ಮುಂದೆ ತಲೆ ಎತ್ತುವ ಹಾಗಿಲ್ಲ.

ಸೈಟ್ ತೆರೆದು ನೋಡಿದಳು. ಅಯ್ಯೋ ಶಿವನೇ! ಎತ್ತಿನ ಮೈ ಸುಣ್ಣ ಬಳಿದ ಗೋಡೆಯ ಹಾಗೆ ನುಣ್ಣಗಿತ್ತು. ಹಳ್ಳಿಯ ನೆಟ್‌ವರ್ಕಿನಲ್ಲೂ ಪುಟ ಬೇಗ ತೆರೆಯಲಿ ಎಂದು ಜೆಪೆಗ್ ಚಿತ್ರದ ಗುಣಮಟ್ಟವನ್ನು ತಳಕ್ಕಿಳಿಸಿ ಹಿಂಡಿಹಾಕಿದ್ದಳಲ್ಲ, ಹಾಳು ಕಂಪ್ಯೂಟರು ಕೂದಲಿನ ಎಳೆಗಳನ್ನೆಲ್ಲ ಕಸವೆಂದು ಗುಡಿಸಿಬಿಟ್ಟಿತ್ತು.

ಮೊದಲು ಪಿಎನ್‌ಜಿ ಮಾದರಿಯ ಚಿತ್ರ ಹಾಕಿದಳು. ಒಂದೆಳೆಯೂ ಕಳೆಯಲಿಲ್ಲ, ನಿಜ. ಆದರೆ ಫೈಲು ಊದಿಕೊಂಡು ಅಪ್ಪನ ಫೋನಿನಲ್ಲಿ ಚಕ್ರ ಸುತ್ತಿದ್ದೇ ಸುತ್ತಿದ್ದು. ಅವಳಿಗೂ ಸಿಟ್ಟು ನೆತ್ತಿಗೇರಿತು. ಅಲ್ಲ, ಕೊಳ್ಳುವವನಿಗೆ ತೆಂಗಿನಮರ, ಆಕಾಶ, ಹಿಂದೆ ನಿಂತ ಟ್ರ್ಯಾಕ್ಟರು ಯಾಕೆ ಬೇಕು? ಎಲ್ಲ ಕತ್ತರಿಸಿದಳು. ಹಣೆಗೊಂದು, ಬೆನ್ನಿಗೊಂದು ಹತ್ತಿರದ ಚಿತ್ರ ಮಾಡಿ, ಫೋನಿಗೆ ಸಾಕಾಗುವಷ್ಟೇ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಮಾದರಿಗೆ ಬದಲಾಯಿಸಿದಳು. ಗುಣಮಟ್ಟಕ್ಕೆ ಮಾತ್ರ ಈ ಸಲ ಕೈ ಬಿಗಿ ಹಿಡಿಯಲಿಲ್ಲ. ಪುಟ ಪಟ್ಟನೆ ತೆರೆಯಿತು! ಹಣೆಯ ಸುಳಿ ಲಕ್ಷಣವಾಗಿ ಕಾಣುತ್ತಿತ್ತು. ಕುಣಿಯುವಷ್ಟು ಖುಷಿಯಾಯಿತು.

ಬೆನ್ನಿನ ಚಿತ್ರ ನೋಡಿದಾಗ ಮಾತ್ರ ಕೈ ನಿಂತಿತು. ಅಲ್ಲೊಂದು ಅಡ್ಡ ಸುಳಿ. ಅಂಥದ್ದನ್ನು ಕಂಡರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ.

“ಅಪ್ಪ, ಇದೊಂದನ್ನ ಬುಟ್ಬುಡ್ಲಾ?”

ಚಿಕ್ಕಣ್ಣ ಕೈ ತೊಳೆದು ಬಂದು ಕಣ್ಣು ಕಿರಿದು ಮಾಡಿ ನೋಡಿದ. “ಬುಟ್ರೆ ಅವನು ಅಂದಿದ್ದೇ ನಿಜ ಆಯ್ತದೆ. ಇದನ್ನೇ ಮೊದ್ಲು ಆಕು. ದೊಡ್ದಾಗಿ ಆಕು.”

ಹಾಕಿದಳು. ಹಾಕಿ, ಇನ್ನು ಎತ್ತು ಮಾರಿದ ಹಾಗೇ ಎಂದುಕೊಂಡಳು.

ಮರುದಿನವೇ ಕೆಂಪಸಿದ್ದಯ್ಯ ಟೆಂಪೊದಲ್ಲಿ ಬಂದಿಳಿದ. ಎತ್ತಿನ ಬೆನ್ನು ಸವರಿದ, ಫೋನು ತೆಗೆದು ಚಿತ್ರ ನೋಡಿದ, ಮತ್ತೆ ಬೆನ್ನು ನೋಡಿದ.

“ಕೆಟ್ಟ ಸುಳಿನ ಇಂಗೆ ಎದುರ್ಗೆ ಇಟ್ಟು ಮಾರೋನ್ನ ನಾನು ಕಂಡಿರ್ನಿಲ್ಲ ಕಣ್ಲಾ ಚಿಕ್ಕಣ್ಣ. ತಪ್ಪು ನಂದೇ, ಮನ್ಸಿಗೆ ಅಚ್ಕೋಬ್ಯಾಡ.”

ಚಿಕ್ಕಣ್ಣನ ಮುಖ ಊರಗಲವಾಯಿತು. “ಅದಿರ್ಲಿ, ಎತ್ತು ಓಯ್ತೀಯೋ ಇಲ್ವೋ ಯೋಳ್ಲಾ.”

“ಎತ್ತು ಬ್ಯಾಡ ಕಣಪ್ಪ. ಆ ಸುಳಿಗೆ ನಮ್ಮನೇರು ಒಪ್ಪಾಕಿಲ್ಲ.”

ಚಂದನಳ ಮುಖ ಬಾಡಿತು. ಕೆಂಪಸಿದ್ದಯ್ಯ ಅವಳತ್ತ ತಿರುಗಿ ಟೆಂಪೊದ ಹಿಂಬಾಗಿಲು ತೆಗೆದ. ಒಳಗೆ ಅವನದೇ ಎತ್ತೊಂದು ಮೇವು ಮೆಲ್ಲುತ್ತ ನಿಂತಿತ್ತು.

“ಇದ್ಕೂ ಒಂದು ಕೆಟ್ಟ ಸುಳಿ ಅದೆ ಕಣವ್ವ. ಚೆನ್ನಾಗಿ ಕಾಣೋ ಅಂಗೆ ಫೋಟೋ ತೆಗ್ದು, ನಿಮ್ಮಪ್ಪನ ಎತ್ತಿನ ಪಕ್ಕದಲ್ಲೇ ಆಕು. ಅಲ್ಲಿದ್ರೆ ಜನ ನಂಬ್ತಾರೆ.”