ತಪ್ಪು ಕೈಯದಲ್ಲ

ಚೈನಿನ ವಿಷಯದಲ್ಲಿ ಅಳಿಯನಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯವನು. ಉಗುರಿನ ಸಂದಿಯ ಗ್ರೀಸು ಮದುವೆಯ ದಿನವೂ ಹೋಗಿರಲಿಲ್ಲ. ಹೆಂಡತಿ ತನ್ನ ಅಪ್ಪನಿಗೆಂದು ತಂದ ಬ್ಯಾಟರಿ ಗರಗಸದ ಪೆಟ್ಟಿಗೆಯನ್ನು ನಡುಮನೆಯಲ್ಲಿ ಬಿಚ್ಚಿದಾಗ, ಅವಳು ಓದಲು ಹಿಡಿದ, ಜೋಡಿಸುವುದು ಹೇಗೆಂದು ತಿಳಿಸುವ ಪುಸ್ತಕವನ್ನು ಕಸಿದು ಮತ್ತೆ ಪೆಟ್ಟಿಗೆಯೊಳಗೆ ಹಾಕಿದ. ಚೈನ್ ಅಂದರೆ ಚೈನ್, ಇದಕ್ಕೂ ಪುರಾಣ ಓದಬೇಕಾ ಎಂದ.

ಮಾವ ಮರ ಸವರುವವರು. ಹೋದ ವರ್ಷ ಏಣಿಯಿಂದ ಬಿದ್ದು ಬಲಭುಜದ ಮೂಳೆ ಮುರಿದುಕೊಂಡಿದ್ದರು. ಮೂಳೆಯೇನೋ ಕೂಡಿತು, ಕೈ ಮಾತ್ರ ಭುಜದ ಎತ್ತರಕ್ಕೆ ಬಂದು ನಿಂತುಬಿಡುತ್ತಿತ್ತು. ಇನ್ನೊಂದು ಸಲ ಏಣಿ ಹತ್ತಿದರೆ ನನ್ನ ಹತ್ತಿರ ಬರಲೇಬೇಡಿ ಎಂದು ಡಾಕ್ಟರು ಗದರಿದ್ದರು. ನೆಲದ ಮೇಲೆ ನಿಂತೇ ಮೇಲಿನ ಕೊಂಬೆ ಕೊಯ್ಯುವ ಈ ಉದ್ದ ಕೋಲಿನ ಗರಗಸ ಒಂದೇ ಅವರಿಗೆ ಉಳಿದಿದ್ದ ದಾರಿ. ಎಷ್ಟೋ ಕಾಲದಿಂದ ಅವರೇ ನೋಡಿಕೊಂಡು ಬಂದಿದ್ದ ಶಾಲೆಯ ಮರಗಳು ಕೂದಲು ಕೆದರಿಕೊಂಡು ಕಾಯುತ್ತಿದ್ದವು.

ಅಳಿಯ ಜೋಡಿಸಿದ ರೀತಿಗೆ ಹೆಸರಿಡುವಂತಿರಲಿಲ್ಲ. ಮೊದಲು ಬ್ಯಾಟರಿ ದೂರ ಇಟ್ಟ, ಕೈಗವಸು ಹಾಕಿಕೊಂಡ. ಕೋಲಿನ ತುಂಡುಗಳನ್ನು ಸೇರಿಸಿ ಬಿಗಿದು, ಜಗ್ಗಿ ನೋಡಿದ. ತುದಿಯ ಚಪ್ಪಟೆ ಕಬ್ಬಿಣದ ಪಟ್ಟಿಯ ಸುತ್ತ ಚೈನ್ ಕೂರಿಸಿ, ಬೆರಳಲ್ಲಿ ಎತ್ತಿದರೆ ತುಸು ಎದ್ದು ಮತ್ತೆ ಕೂರುವಷ್ಟು ಮಾತ್ರ ಸಡಿಲ ಬಿಟ್ಟು ನಟ್ಟು ಬಿಗಿದ. ಎಣ್ಣೆ ತುಂಬಿದ. ತಪ್ಪಾಗಿದ್ದು ಒಂದೇ. ಸೈಕಲ್ ಚೈನಿಗೆ ಹಿಂದು ಮುಂದು ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಗರಗಸದ ಚೈನಿಗೆ ಹಲ್ಲಿದೆ, ಹಲ್ಲಿಗೆ ಮುಖವಿದೆ. ನಮ್ಮ ಚೈನ್ ಪಂಡಿತ ಅದನ್ನು ಹಿಂದುಮುಂದಾಗಿ ಹಾಕಿದ್ದ.

ಹಿತ್ತಲ ಮರದ ಸುತ್ತ ಮನೆಯವರೆಲ್ಲ ಸೇರಿದರು. ಮಾವ ಹೆಲ್ಮೆಟ್ಟು, ಕನ್ನಡಕ ಹಾಕಿಕೊಂಡು, ಕೊಂಬೆಯ ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದು ಗುಂಡಿ ಒತ್ತಿದರು. ಸದ್ದು ಜೋರಾಗಿಯೇ ಬಂತು. ಚೈನ್ ಕೊಂಬೆಯನ್ನು ಉಜ್ಜಿತೇ ಹೊರತು ಕೊಯ್ಯಲಿಲ್ಲ. ಮಾವ ಇನ್ನೂ ಒತ್ತಿದರು. ಹೊಗೆ ಎದ್ದಿತು, ತೊಗಟೆ ಕಪ್ಪಾಯಿತು, ಅವರ ಬಲಗೈ ಗಡಗಡ ನಡುಗಿತು. ಕೊನೆಗೆ ಗುಂಡಿ ಬಿಟ್ಟು ಕೋಲನ್ನು ನೆಲಕ್ಕಿಳಿಸಿದರು.

"ಗರಗಸ ಚೆನ್ನಾಗೇ ಇದೆ ಅಳಿಯಂದ್ರೇ. ನನ್ನ ಕೈಯಲ್ಲೇ ಕಸುವಿಲ್ಲ."

ಅಳಿಯ ಹೌದೆನ್ನುವಂತೆ ತಲೆಯಾಡಿಸಿದ. ಅವನಿಗೂ ಹಾಗೇ ಅನಿಸಿತ್ತು, ಪಾಪ. ಆದರೆ ಹಾಗೆ ತಲೆಯಾಡಿಸಿದ್ದು ಆಮೇಲೆ ಅವನನ್ನು ಒಳಗೊಳಗೇ ತಿಂದುಹಾಕಿತು.

ಮಾವ ಅಂದೇ ಶಾಲೆಗೆ ಫೋನು ಮಾಡಿ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದುಬಿಟ್ಟರು. ಡಾಕ್ಟರು ಹೇಳಿಕೊಟ್ಟ ಕಸರತ್ತು ನಿಂತಿತು. ಲೋಟವನ್ನೂ ಎಡಗೈಯಲ್ಲೇ ಎತ್ತತೊಡಗಿದರು. ಅತ್ತೆ ಎಣ್ಣೆ ತಿಕ್ಕಲು ಬಂದರೆ, ಕೊರಡಿಗೆ ಯಾಕೆ ಎಣ್ಣೆ ದಂಡ ಮಾಡ್ತೀಯ ಎಂದು ಭುಜ ಕೊಡವಿದರು. ಬಲಗೈ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು.

ಗರಗಸವನ್ನು ತೆಗೆದಿಡುವ ಮೊದಲು ಒರೆಸಿಡೋಣವೆಂದು ಅಳಿಯ ಒಂದು ಮಧ್ಯಾಹ್ನ ಬ್ಯಾಟರಿ ಕಳಚಿ, ಪಕ್ಕದ ಮುಚ್ಚಳ ತೆಗೆದ. ಒಳಗೆ ಮರದ ಹೊಟ್ಟು ಇರಬೇಕಿತ್ತು. ಇದ್ದದ್ದು ಚಿಟಿಕೆ ಕರಿಪುಡಿ. ಇದೇನಿದು ಎಂದು ಪೆಟ್ಟಿಗೆಯ ತಳದಿಂದ ಆ ಪುಸ್ತಕ ಹುಡುಕಿ ತೆಗೆದ. ಪಟ್ಟಿಯ ಮೇಲ್ಭಾಗದಲ್ಲಿ ಹಲ್ಲುಗಳು ತುದಿಯ ಕಡೆ ಮುಖ ಮಾಡಿರುವ ದೊಡ್ಡ ಚಿತ್ರವಿತ್ತು. ಅವನ ಮುಂದಿದ್ದ ಗರಗಸದಲ್ಲಿ ಮೇಲ್ಭಾಗದ ಹಲ್ಲುಗಳೆಲ್ಲ ಹಿಡಿಯ ಕಡೆಗೆ, ಅವನ ಕಡೆಗೇ ನೋಡುತ್ತಿದ್ದವು.

ಎದ್ದು ಹೋಗಿ ಹೇಳಿಬಿಡಬೇಕಿತ್ತು. ಮಾವ ಅಲ್ಲೇ ಜಗಲಿಯಲ್ಲಿ ಕೂತಿದ್ದರು. ಅಳಿಯ ಬಾಗಿಲವರೆಗೆ ಹೋಗಿ ನಿಂತ. ಹೆಂಡತಿ ನಕ್ಕಾಳು, ಅಂಗಡಿ ಬೀದಿಗೆಲ್ಲ ಗೊತ್ತಾದೀತು, ಚೈನ್ ಹಾಕಲು ಬಾರದ ಸೈಕಲ್ ಅಂಗಡಿಯವನು ಅಂದಾರು. ಒಬ್ಬ ಮನುಷ್ಯನ ಕೈಗಿಂತ ತನ್ನ ಮರ್ಯಾದೆಯೇ ದೊಡ್ಡದೆಂದು ಆ ಗಳಿಗೆಯಲ್ಲಿ ಅವನಿಗೆ ಕಂಡಿತು. ಹಿಂದಿರುಗಿ, ಯಾರಿಗೂ ಹೇಳದೆ ಚೈನ್ ಬಿಚ್ಚಿ ಸರಿಯಾಗಿ ಹಾಕಿದ.

ಇನ್ನೊಂದು ಸಲ ನೋಡೋಣ ಬನ್ನಿ ಎಂದು ಮಾವನನ್ನು ಕಾಡಿ ಬೇಡಿ ಎಬ್ಬಿಸಿದ. ಅವರು ಒಲ್ಲದ ಮನಸ್ಸಿನಿಂದ ಕೋಲು ಎತ್ತಿ, ಕೊಂಬೆಗೆ ಕೆಳಗಿನಿಂದ ಸಣ್ಣ ಗಾಯ ಮಾಡಿ, ಆಮೇಲೆ ಮೇಲಿನಿಂದ ಇಟ್ಟರು. ಬೆಣ್ಣೆ ಕೊಯ್ದ ಹಾಗೆ ಕೊಯ್ದಿತು. ಕೊಂಬೆ ಧೊಪ್ಪನೆ ಬಿತ್ತು. ಮಾವ ಅದನ್ನು ನೋಡಲಿಲ್ಲ, ತಮ್ಮ ಬಲಗೈಯನ್ನೇ ನೋಡುತ್ತ ನಿಂತರು.

ಅವತ್ತು ಮನೆಯಲ್ಲಿ ನಗು ನಿಲ್ಲಲಿಲ್ಲ. ತನ್ನ ಎಣ್ಣೆಯ ಮಹಿಮೆ ಎಂದು ಅತ್ತೆ, ತಾನು ಕೊಂಡದ್ದು ಒಳ್ಳೆಯದಾಯಿತೆಂದು ಹೆಂಡತಿ. ಮಾವ ಬಲಗೈಯಲ್ಲೇ ಲೋಟ ಎತ್ತಿ ಎಲ್ಲರಿಗೂ ತೋರಿಸಿದರು, ಶಾಲೆಗೆ ಮತ್ತೆ ಫೋನು ಮಾಡಿ ಕೆಲಸ ಒಪ್ಪಿಕೊಂಡರು. ಅಳಿಯನೂ ನಕ್ಕ, ಆದರೆ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಎಲ್ಲ ಸುಖಾಂತವಾಯಿತಲ್ಲ, ಇನ್ನೇಕೆ ಕೆದಕಬೇಕು ಎಂದು ಸಮಾಧಾನ ಹೇಳಿಕೊಂಡ.

ಮಾರನೆಯ ದಿನ ಅಂಗಡಿಯಲ್ಲಿ ಚಕ್ರದ ಕಡ್ಡಿ ಬಿಗಿಯುತ್ತಿದ್ದಾಗ ಹೆಂಡತಿಯ ಫೋನು ಬಂತು. ಮನೆಗೆ ಸೋಪು ತರಬೇಕೆಂದಳು, ಆಮೇಲೆ ಅದೇ ಉಸಿರಿನಲ್ಲಿ ಅಪ್ಪನ ಸುದ್ದಿ ಹೇಳಿದಳು.

"ಅಪ್ಪ ತಳ್ಳುಗಾಡಿಯವನ ಹತ್ರ ಏಣಿ ಹೊರಿಸ್ಕೊಂಡು ಶಾಲೆಗೆ ಹೋದ್ರು ಕಣ್ರೀ. ಕೈ ಸರಿಹೋದ ಮೇಲೆ ಆ ಆಟದ ಸಾಮಾನು ಯಾಕೆ ಅಂತ ಹಳೇ ಗರಗಸಾನೇ ತಗೊಂಡ್ರು."

ಅಳಿಯ ಚಕ್ರವನ್ನು ಅಲ್ಲೇ ಬಿಟ್ಟೆದ್ದ. ಅಂಗಡಿಯನ್ನು ಹಾಗೇ ತೆರೆದಿಟ್ಟು, ಗಿರಾಕಿಯ ಸೈಕಲನ್ನೇ ಹತ್ತಿ ತುಳಿದ. ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಕೈಗೆ ಬಲ ಬಂದಿಲ್ಲ, ಬಂದಿದೆಯೆಂದು ನಂಬಿಸಿದವನು ತಾನು. ಇವತ್ತು ಅವರು ಬಿದ್ದರೆ ಬೀಳಿಸಿದವನೂ ತಾನೇ.

ಶಾಲೆಯ ಅಂಗಳದ ಮೂಲೆಯ ಮರಕ್ಕೆ ಏಣಿ ಆನಿಸಿತ್ತು. ಮಾವ ಮೇಲಿನ ಮೆಟ್ಟಿಲಲ್ಲಿ, ಎಡಗೈಯಿಂದ ಕೊಂಬೆ ತಬ್ಬಿಕೊಂಡು, ಬಲಗೈಯ ಗರಗಸವನ್ನು ತಲೆಯ ಮೇಲಿನ ರೆಂಬೆಗೆ ಮುಟ್ಟಿಸಲು ಹೆಣಗುತ್ತಿದ್ದರು. ಎಟುಕುತ್ತಿರಲಿಲ್ಲ. ಎಟುಕಿಸಲೆಂದು ಮೈಯನ್ನೇ ಆಚೆಗೆ ವಾಲಿಸಿದ್ದರು. ಕೂಗಿದರೆ ಬೆಚ್ಚಿಬಿದ್ದಾರೆಂದು ಅಳಿಯ ಸದ್ದಿಲ್ಲದೆ ಬಂದು ಏಣಿಯ ಕಾಲುಗಳನ್ನು ಗಟ್ಟಿಯಾಗಿ ಹಿಡಿದ. ಮೆಲ್ಲಗೆ ಕರೆದ. ಅವರು ಕೆಳಗೆ ನೋಡಿ ನಕ್ಕರು. ಆ ನಗುವಿನ ಮುಖಕ್ಕೇ ಅವನು ಹೇಳಬೇಕಾಯಿತು.

"ಮಾವ, ಕೈ ಸರಿಹೋಗಿಲ್ಲ. ಮೊದಲನೇ ದಿನ ನಾನು ಚೈನ್ ಉಲ್ಟಾ ಹಾಕಿದ್ದೆ. ನಿನ್ನೆ ನಿಮಗೆ ಹೇಳದೆ ತಿರುಗಿಸಿದೆ. ಆಗಿದ್ದು ಅಷ್ಟೇ. ಇಳೀರಿ ಮಾವ."

ತರಗತಿಯೊಳಗೆ ಮಕ್ಕಳು ಏನನ್ನೋ ಒಟ್ಟಾಗಿ ಹೇಳುತ್ತಿದ್ದರು. ಮಾವ ಒಂದೊಂದೇ ಮೆಟ್ಟಿಲು ತಡವಿ ಇಳಿದರು. ನೆಲದ ಮೇಲೆ ನಿಂತು, ಗರಗಸ ಕೆಳಗಿಟ್ಟು, ಬರಿಗೈಯನ್ನು ಮೇಲೆತ್ತಿದರು. ಅದು ಭುಜದ ಎತ್ತರಕ್ಕೆ ಬಂದು ಎಂದಿನಂತೆ ನಿಂತಿತು. ಇನ್ನೊಮ್ಮೆ ಎತ್ತಿ ನೋಡಿದರು.

"ಅವತ್ತೇ ಹೇಳೋಕೆ ನಿಮಗೂ ಗೊತ್ತಿರಲಿಲ್ಲ, ಬಿಡಿ," ಅಂದರು. "ನಿನ್ನೆ ಹೇಳಬಹುದಿತ್ತು. ರಾತ್ರಿಯೆಲ್ಲ ಖುಷಿಗೆ ನಿದ್ದೆ ಬಂದಿಲ್ಲ ನನಗೆ."

ಬೈಯುತ್ತಾರೆಂದು ಅಳಿಯ ಕಾದ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಾವ ಮರದ ಬುಡಕ್ಕೆ ಒರಗಿ ಕೂತು, ಮೇಲಿನ ರೆಂಬೆಗಳನ್ನು ನೋಡುತ್ತ ಭುಜ ನೀವಿಕೊಂಡರು. ಮನೆಗೆ ಹೋಗೋಣವಾ ಎಂದು ಅವನು ಕೇಳಿದ್ದಕ್ಕೆ ಬೇಡವೆಂದರು. ಒಪ್ಪಿಕೊಂಡ ಕೆಲಸ, ಮುಗಿಸಿಯೇ ಬರುವುದು, ಹೋಗಿ ಕೋಲಿನ ಗರಗಸ ತನ್ನಿ ಎಂದರು. ಅಳಿಯ ಉಸಿರು ಬಿಟ್ಟು ಸೈಕಲ್ ತಿರುಗಿಸಿದ. ಗೇಟಿನ ಹತ್ತಿರ ಅವರ ಮಾತು ಹಿಂದಿನಿಂದ ಬಂತು.

"ಚೈನ್ ಬಿಚ್ಚಿ ತನ್ನಿ. ಇನ್ಮೇಲೆ ನಾನೇ ಹಾಕ್ಕೋತೀನಿ."