ಕೆಂಚವ್ವನ ಎಡಗಿವಿ

ಮಲೆಬೆನ್ನೂರಿನಿಂದ ಹರಿಹರದ ಅಕ್ಕಿ ಗಿರಣಿಗೆ ಭತ್ತ ಹೊರುವ ಟ್ರ್ಯಾಕ್ಟರ್ ಡ್ರೈವರ್‌ಗಳಲ್ಲಿ ನನಗಿಂತ ದೊಡ್ಡ ಸುಳ್ಳುಗಾರ ಇಲ್ಲ. ಹೆಸರು ಅಜ್ಜಪ್ಪ. ಓದಿದ್ದು ಮೂರು ವರ್ಷ, ಮೂರೂ ವರ್ಷ ಒಂದನೇ ಕ್ಲಾಸು. ಗಿರಣಿಯಲ್ಲಿ ತೂಕದ ಸರದಿ ಬರಲು ನಾಲ್ಕು ತಾಸು ಕಾಯಬೇಕು. ಆ ಹೊತ್ತಿನಲ್ಲಿ ಉಳಿದ ಡ್ರೈವರ್‌ಗಳು ನನ್ನ ಟ್ರೇಲರ್ ನೆರಳಿಗೆ ಬಂದು ಕೂರುತ್ತಾರೆ. ಒಂದು ಸಲ ನಮ್ಮೂರಲ್ಲಿ ಎಂಥಾ ಗಾಳಿ ಬೀಸಿತೆಂದರೆ, ಬಾವಿ ಇದ್ದ ಜಾಗದಿಂದ ಎದ್ದು ಎರಡು ಹೊಲ ಆಚೆ ಹೋಗಿ ಬಿದ್ದಿತ್ತು ಎಂದು ನಾನು ಹೇಳಿದರೆ, "ನೀರು ಚೆಲ್ತೇನೋ ಅಜ್ಜಪ್ಪ?" ಎಂದು ಕೇಳುವಂಥ ಜನ ಅವರು.

ಆದರೆ ಈಗ ಹೇಳುವುದರಲ್ಲಿ ಸುಳ್ಳು ಬೆರೆಸಿಲ್ಲ. ಸಿಟ್ಟು ಬಂದಾಗ ನನಗೆ ಸುಳ್ಳು ಹೊಳೆಯುವುದಿಲ್ಲ. ನನಗೆ ಬಂದಿರುವ ಸಿಟ್ಟಿಗೆ ಗಿರಣಿಯ ಭತ್ತವೆಲ್ಲ ಕುದಿಯುವ ನೀರಿಲ್ಲದೆಯೇ ಬೇಯಬೇಕು. ಇಷ್ಟು ಮಾತ್ರ ಸುಳ್ಳು ಅಂದುಕೊಳ್ಳಿ.

ಬಾಯಲ್ಲಿ ಹೇಳಿದರೆ ಫೋನು ಚಿತ್ರ ಬರೆದುಕೊಡುತ್ತದೆ ಎಂದು ಮಗಳು ಚೈತ್ರಾ ತೋರಿಸಿಕೊಟ್ಟಳು. ಮೊದಲು ಹಾರುವ ಬಾವಿ ಬರೆಸಿದೆ. ಬಂತು! ಆಕಾಶದಲ್ಲಿ ಬಾವಿ, ಬಾವಿಯಿಂದ ಹಗ್ಗ, ಹಗ್ಗದ ತುದಿಯಲ್ಲಿ ಕೊಡ, ಕೊಡ ಹಿಡಿದು ಓಡುವ ಹೆಂಗಸರು. ಅರವತ್ತು ವರ್ಷ ನನ್ನ ತಲೆಯೊಳಗೆ ಮಾತ್ರ ಇದ್ದದ್ದು ಕಣ್ಣೆದುರು ಕೂತಿತ್ತು. ಪೆನ್ನು ಹಿಡಿಯಲು ಬಾರದ ಕೈ ನನ್ನದು. ಖುಷಿಗೆ ನನ್ನ ಸರದಿ ಬಂದದ್ದೂ ಗೊತ್ತಾಗಲಿಲ್ಲ, ಹಿಂದಿನ ಟ್ರ್ಯಾಕ್ಟರ್‌ನ ನಬೀ ಸಾಬನಿಗೆ ಹಾರ್ನ್ ಹೊಡೆದು ಹೊಡೆದು ಸಾಕಾಗಿತ್ತು.

ಆಮೇಲೆ ಅವ್ವನನ್ನು ಬರೆಸಬೇಕು ಎನ್ನಿಸಿತು.

ನಮ್ಮವ್ವ ಕೆಂಚವ್ವನ ಒಂದೇ ಒಂದು ಫೋಟೋ ಇಲ್ಲ. ಅವಳ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಹೆಂಗೆ ಹರಿಯಿತು ಎಂದು ಚಿಕ್ಕವನಿದ್ದಾಗ ಕೇಳಿದರೆ ಅವಳು ಹೇಳುತ್ತಿದ್ದದ್ದು ಇದು: "ದೊಡ್ಡ ಹೊಳೆ ಬಂದ ವರ್ಷ ಎಮ್ಮೆ ಬೆನ್ನ ಮ್ಯಾಲೆ ಒಲೆ ಹೂಡಿ, ರೊಟ್ಟಿ ಬಡೀತಾ ಹೊಳೆ ದಾಟ್ತಿದ್ದೆ. ನಡುನೀರಾಗ ಮೊಸಳೆ ಬಂತು. ರೊಟ್ಟಿ ಕೇಳ್ತು, ಕೊಟ್ಟೆ. ಇನ್ನೊಂದು ಕೇಳ್ತು, ಕೊಟ್ಟೆ. ಆಮ್ಯಾಲೆ ಓಲೆ ಕೇಳ್ತು. ತವರುಮನೆ ಓಲೆ, ಕೊಡಲ್ಲ ಹೋಗು ಅಂದೆ. ಕಿತ್ಕಂಡು ಹೋತು."

ಸುಳ್ಳು ಹೇಳುವುದನ್ನು ನಾನು ಕಲಿತದ್ದು ಅವಳಿಂದಲೇ.

ಸಾಯುವ ವರ್ಷ ನಿಜ ಹೇಳಿದಳು. "ಮೊಸಳೆ ಇರ್ಲಿಲ್ಲಪ್ಪ." ಅವಳು ಹರಿಹರದ ಒಬ್ಬ ಸಾವುಕಾರರ ಮನೆಯ ಕೊಟ್ಟಿಗೆ ಗುಡಿಸುತ್ತಿದ್ದಳು. ಮನೆಯ ಯಜಮಾನಿ ಗುರುಶಾಂತಮ್ಮನ ಓಲೆ ಕಳೆಯಿತು. ಅವ್ವನ ಕಿವಿಯಲ್ಲಿ ಓಲೆ ಕಂಡಿತು. ಇದು ನನ್ನದೇ ಎಂದು ಗುರುಶಾಂತಮ್ಮ ಕೈ ಹಾಕಿ ಎಳೆದಳು. ಮೂರನೇ ದಿನ ಅವಳ ಓಲೆ ಅವಳದೇ ಹಾಸಿಗೆಯಲ್ಲಿ ಸಿಕ್ಕಿತು. ಅವ್ವನ ಓಲೆಯನ್ನು ಒಂದು ಬೆಲ್ಲದ ಉಂಡೆಯ ಜೊತೆ ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಬೆಲ್ಲವನ್ನು ನಾನು ತಿಂದೆ. ಆಗ ನನಗೆ ಐದು ವರ್ಷ. ಆ ಬೆಲ್ಲ ಈಗಲೂ ನನ್ನ ಗಂಟಲಲ್ಲಿದೆ.

ನಾನು ಬರೆಸಿದ್ದು ಅವಳ ಸುಳ್ಳನ್ನು. ಎಮ್ಮೆ, ಒಲೆ, ರೊಟ್ಟಿ, ಮೊಸಳೆ. ಆದರೆ ಕಿವಿ ಮಾತ್ರ ನಿಜದ ಕಿವಿ ಇರಬೇಕು ಎಂದು ಹಟ ಹಿಡಿದೆ.

ಈ ಮಷಿನ್‌ಗೆ ನಮ್ಮ ಕಡೆಯದು ಏನೂ ಗೊತ್ತಿಲ್ಲ. ಎಮ್ಮೆ ಎಂದರೆ ಮೈತುಂಬ ಕೂದಲು, ಬೆನ್ನಲ್ಲಿ ಗುಡ್ಡ ಇರುವ ಯಾವುದೋ ದೇಶದ ಪ್ರಾಣಿ ಕೊಟ್ಟಿತು. ರೊಟ್ಟಿ ಎಂದರೆ ಪೂರಿಯಂತೆ ಉಬ್ಬಿದ್ದು. ಅವ್ವ ಎಂದರೆ ತುಟಿಗೆ ಬಣ್ಣ ಬಳಿದವಳು. ಹೊಸ ಸೊಸೆಗೆ ಮನೆ ತೋರಿಸುವಂತೆ ಒಂದೊಂದೇ ಹೇಳಿದೆ. ಕೊಂಬು ಹಿಂದಕ್ಕೆ ಬಾಗಿರಲಿ. ಮೈಮೇಲೆ ಕೆಸರು ಒಣಗಿರಲಿ. ಸೆರಗು ತಲೆಯ ಮೇಲಿರಲಿ, ಆದರೆ ಎಡಗಿವಿ ಕಾಣಲಿ. ಎಲ್ಲವನ್ನೂ ಕಲಿಯಿತು. ಕಿವಿಯನ್ನು ಮಾತ್ರ ಕಲಿಯಲಿಲ್ಲ. ಹರಿದಿರಬೇಕು ಎಂದರೆ ಹೊಲಿದು ಕೊಡುತ್ತದೆ, ಮೇಲೆ ಜುಮುಕಿ ಬೇರೆ! ಎಡಗಿವಿ ಎಂದರೆ ಬಲಗಿವಿ ಹರಿಯುತ್ತದೆ. ಮುಖದಲ್ಲಿ ಯಾವಾಗಲೂ ನಗು. ನಗಬೇಡ ಎಂದರೆ ಇನ್ನೂ ಹಲ್ಲು ತೋರಿಸುತ್ತದೆ.

ಸುಗ್ಗಿಯ ನಲವತ್ತು ದಿನ, ಗಿರಣಿಯ ಸಾಲಿನಲ್ಲಿ ಕೂತು ಬೈದೆ, ರಮಿಸಿದೆ, ಫೋನನ್ನು ಎರಡು ಸಲ ಭತ್ತದೊಳಗೆ ಎಸೆದೆ. ನಲವತ್ತನೇ ದಿನ ಅವ್ವ ಬಂದಳು. ಅದೇ ಹಣೆ, ಅದೇ ಬಿಗಿದ ತುಟಿ, ಹರಿದ ಎಡಗಿವಿ. ನಡುನೀರಲ್ಲಿ ಎಮ್ಮೆಯ ಮೇಲೆ ರೊಟ್ಟಿ ಬಡಿಯುತ್ತ ಮೊಸಳೆಯನ್ನು ದುರುಗುಟ್ಟಿ ನೋಡುತ್ತಿದ್ದಳು. ನಬೀ ಸಾಬ್ ಬೀಡಿ ಆರಿಸಿ, ಫೋನು ಕೈಗೆ ತೆಗೆದುಕೊಂಡು ನೋಡಿದ. ಆಮೇಲೆ, "ನನಗೂ ಕಳಿಸೋ," ಅಂದ. ಕಳಿಸಿದೆ. ಅದೇ ತಪ್ಪಾಯಿತು.

ಅವನು ಡ್ರೈವರ್‌ಗಳ ಗುಂಪಿಗೆ ಹಾಕಿದ. ಅಲ್ಲಿಂದ ಎಲ್ಲಿಗೆ ಹೋಯಿತೋ, ವಾರ ಕಳೆಯುವುದರಲ್ಲಿ ನನ್ನ ಫೋನಿಗೇ ವಾಪಸು ಬಂತು. ಮೊಸಳೆಯನ್ನು ಯಾರೋ ಕತ್ತರಿಸಿದ್ದರು. ಮೇಲೆ "ಶುಭೋದಯ" ಎಂದಿತ್ತು, ಕೆಳಗೆ "ಹಳೇ ಕಾಲದ ತಾಯಿ, ಅಪರೂಪದ ಫೋಟೋ" ಎಂದಿತ್ತು. ಎಮ್ಮೆಯ ಬೆನ್ನ ಮೇಲೆ ಒಲೆ ಉರಿಯುವುದನ್ನು ನೋಡಿಯೂ ಜನ ಕೈ ಮುಗಿದಿದ್ದರು! ಆವತ್ತು ನಾನು ನಕ್ಕೆ. ನನ್ನ ಸುಳ್ಳು ಇಷ್ಟು ದೂರ ನಡೆಯಿತಲ್ಲ ಎಂದು ಹೆಮ್ಮೆ.

ಒಂದು ತಿಂಗಳಾದ ಮೇಲೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ಗೃಹಪ್ರವೇಶಕ್ಕೆ ಊಟದ ಅಕ್ಕಿ ಇಳಿಸಲು ಗಿರಣಿಯವರು ನನ್ನನ್ನು ಕಳಿಸಿದರು. ಮೂರಂತಸ್ತಿನ ಮನೆ. ಗೇಟಿನ ಪಕ್ಕ ಏಣಿ ಹತ್ತಿ ಒಬ್ಬ ಹುಡುಗ ಫ್ಲೆಕ್ಸ್ ಕಟ್ಟುತ್ತಿದ್ದ. ಟ್ರ್ಯಾಕ್ಟರ್ ನಿಲ್ಲಿಸಿದವನು ಇಳಿಯುವುದನ್ನೇ ಮರೆತೆ.

ಫ್ಲೆಕ್ಸ್ ತುಂಬ ನಮ್ಮವ್ವ, ಎಮ್ಮೆ ಒಲೆ ಸಮೇತ. ಎರಡಾಳು ಎತ್ತರ. ಹಣೆಗೆ ಮೂರೆಳೆ ವಿಭೂತಿ ಬಳಿದಿದ್ದರು. ಎಡಗಿವಿಯನ್ನು ಹೊಲಿದು ಹೊಳೆಯುವ ಬಂಗಾರದ ಓಲೆ ಹಾಕಿದ್ದರು. ಬಿಗಿದ ತುಟಿಯನ್ನು ಬಿಚ್ಚಿ ನಗಿಸಿದ್ದರು. ಕೆಳಗೆ ದಪ್ಪ ಅಕ್ಷರ. ನಾನು ಕೂಡಿಸಿ ಕೂಡಿಸಿ ಓದಿದೆ: "ನಮ್ಮ ಮನೆತನದ ಮಹಾತಾಯಿ ಶ್ರೀಮತಿ ಗುರುಶಾಂತಮ್ಮನವರು."

ಮೂರು ಸಲ ಓದಿದೆ. ಮೂರು ಸಲವೂ ಅದೇ ಹೆಸರು.

"ಏಯ್, ಇಳಿಯೋ ಕೆಳಗೆ!" ಎಂದೆ.

ಹುಡುಗ ಗಾಬರಿಯಾದ; ಹೆಸರು ಅಬ್ರಾರ್ ಎಂದು ಆಮೇಲೆ ಗೊತ್ತಾಯಿತು. "ಯಾಕ ಕಾಕಾ, ಸೊಟ್ಟ ಆಗೈತೇನು?"

"ಆ ಕಿವಿ ಯಾರೋ ಹೊಲಿದಿದ್ದು?"

"ನಾನೇ. ಸಾವ್ಕಾರ್ರು ಹೇಳಿದ್ರು. ಕಿವಿ ಹರದೈತೆ, ಶುಭಕಾರ್ಯಕ್ಕೆ ಚೆಂದ ಕಾಣಲ್ಲ, ರಿಪೇರಿ ಮಾಡು ಅಂತ. ಫೋನಿಗೆ ಹೇಳಿದೆ, ಮಾಡ್ತು. ಎರಡು ಸೆಕೆಂಡಿನ ಕೆಲಸ ಕಾಕಾ."

ನನಗೆ ನಲವತ್ತು ದಿನ. ಅವನಿಗೆ ಎರಡು ಸೆಕೆಂಡು.

ಗಲಾಟೆ ಕೇಳಿ ಮನೆಯ ಯಜಮಾನ ಕೊಟ್ಟೂರೇಶ್ ಹೊರಗೆ ಬಂದರು. ಹರಿಹರದ ಅದೇ ಗುರುಶಾಂತಮ್ಮನ ಮೊಮ್ಮಗ. ಒಳ್ಳೇ ಮನುಷ್ಯನಂತೆಯೇ ಮಾತಾಡಿದರು, ಅದಕ್ಕೇ ಇನ್ನೂ ಸಿಟ್ಟು ಬಂತು.

"ಏನಪಾ, ಅಕ್ಕಿ ಇಳಿಸೋದು ಬಿಟ್ಟು ಜಗಳ?"

"ಸಾವ್ಕಾರ್ರೇ, ಈಕೆ ನಿಮ್ಮಜ್ಜಿ ಅಲ್ಲ. ನಮ್ಮವ್ವ. ನಿಮ್ಮ ಹಳೇ ಮನೆ ಕೊಟ್ಟಿಗೆ ಗುಡಿಸ್ತಿದ್ದ ಕೆಂಚವ್ವ. ಈ ಚಿತ್ರ ನಾನು ಮಾಡಿಸಿದ್ದು. ನೋಡ್ರಿ, ಫೋನಿನಾಗ ಐತೆ."

ಅವರು ನೋಡಿದರು. ನಕ್ಕರು. "ನೀನು ಅಜ್ಜಪ್ಪ ಅಲ್ಲೇನು? ಬಾವಿ ಹಾರಿಸ್ದೋನು? ನಿನ್ನ ಸುದ್ದಿ ಗಿರಣಿಯೋರು ಹೇಳಿ ಹೇಳಿ ನಗ್ತಾರೆ. ಇದನ್ನೂ ನಂಬು ಅಂತೀಯಾ?"

"ಇದು ಸುಳ್ಳಲ್ರಿ!"

"ನಮ್ಮಜ್ಜಿದು ಇರೋದೇ ಒಂದು ಫೋಟೋ, ಅದರಾಗೂ ಮುಖ ಗಂಟಿಕ್ಕಿ ಕುಂತಾಳೆ. ಇದನ್ನ ನೋಡಿದ ಕೂಡ್ಲೆ, ನಮ್ಮಜ್ಜಿ ಹಿಂಗೇ ಇದ್ದಿರಬೇಕು ಅನ್ನಿಸ್ತು. ಅಷ್ಟೇ. ನೀನು ಮಾಡಿಸಿದ್ದೇ ಇರ್ಲಿ. ನೀನೇನು ಕುಂಚ ಹಿಡಿದ್ಯಾ? ಮಷಿನ್ ಬರೀತು. ನಿಂದೇನೈತೆ ಅದರಾಗ?"

"ನನ್ನ ಬಾಯಿ ಐತ್ರಿ. ನಮ್ಮವ್ವನ ಕಿವಿ ಐತೆ."

"ಆತು ಬಿಡು. ನಾಳೆ ಊಟಕ್ಕೆ ಬಾ," ಎಂದು ಒಳಗೆ ಹೋದರು.

ಅಕ್ಕಿ ಇಳಿಸಿದೆ. ಕೂಲಿಯ ಕೆಲಸ, ಇಳಿಸಲೇಬೇಕು. ಪ್ರತಿ ಮೂಟೆಯನ್ನೂ ನೆಲ ಅದುರುವಂತೆ ಒಗೆದೆ. ಜೀವಮಾನವೆಲ್ಲ ಸುಳ್ಳು ಹೇಳಿದಾಗ ಕೂತು ಕೇಳಿದರು. ಒಂದೇ ಒಂದು ನಿಜ ಹೇಳಿದೆ, ನಕ್ಕರು.

ಮರುದಿನ ಬಿಳಿ ಅಂಗಿ ತೊಟ್ಟು ಊಟಕ್ಕೆ ಹೋದೆ. ಉಣ್ಣಲು ಅಲ್ಲ.

ಚಪ್ಪರದ ತುಂಬ ಜನ. ಎಲ್ಲರೂ ಫ್ಲೆಕ್ಸ್ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಅದರ ಪಕ್ಕವೇ ಕುರ್ಚಿಯಲ್ಲಿ ಒಬ್ಬ ಮುದುಕಿ ಎಲೆ ಅಡಿಕೆ ಸಂಚಿ ತೊಡೆಯ ಮೇಲಿಟ್ಟು ಕೂತಿದ್ದಳು. ಅವಳು ಮರುಳಸಿದ್ದಮ್ಮ, ಗುರುಶಾಂತಮ್ಮನ ಮಗಳು, ಕೊಟ್ಟೂರೇಶರ ಸೋದರತ್ತೆ ಎಂದು ಅಡುಗೆಯವರು ಹೇಳಿದರು. ಅವಳೊಬ್ಬಳೇ ಫ್ಲೆಕ್ಸನ್ನು ನೋಡುತ್ತಿರಲಿಲ್ಲ. ನೋಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡವರ ಹಾಗೆ ಕತ್ತು ತಿರುಗಿಸಿದ್ದಳು. ಆ ಕತ್ತು ಕಂಡು ನನಗೆ ದಾರಿ ಹೊಳೆಯಿತು.

ಕೊಟ್ಟೂರೇಶ್ ಬೀಗರಿಗೆ ಹೇಳುತ್ತಿದ್ದರು: "ನಮ್ಮಜ್ಜಿ. ಪ್ರವಾಹ ಬಂದಾಗ ಆಳುಗಳು ಹಸಕಂಡಿದಾರೆ ಅಂತ ಎಮ್ಮೆ ಮ್ಯಾಲೇ ರೊಟ್ಟಿ ಬಡಿದಾಕಿ!"

ನಮ್ಮವ್ವನ ಸುಳ್ಳಿಗೆ ಇವರು ಬಾಲ ಕಟ್ಟುತ್ತಿದ್ದಾರೆ!

"ಕಥೆ ಅರ್ಧಕ್ಕೇ ಬಿಟ್ರಲ್ಲ ಸಾವ್ಕಾರ್ರೇ," ಎಂದೆ, ಗಿರಣಿಯ ಸಾಲಿನ ದನಿ ತೆಗೆದು. "ಮೊಸಳೆ ಎಲ್ಲಿ ಹೋತು?"

ಜನ ತಿರುಗಿದರು. ಕೊಟ್ಟೂರೇಶ್ ಕಣ್ಣು ಬಿಟ್ಟರು, ಆದರೆ ಬೀಗರ ಮುಂದೆ ಬೈಯುವಂತಿರಲಿಲ್ಲ. ನಾನು ಶುರು ಮಾಡಿದೆ. ಹೊಳೆಯನ್ನು ದಾವಣಗೆರೆ ಪಕ್ಕದ ಆವರಗೆರೆಯ ತನಕ ತಂದೆ. ಎಮ್ಮೆಗೆ ಈಜು ಬರದೆ ನಡೆದೇ ಹೋಯಿತು ಎಂದೆ. ಮೊಸಳೆ ಹದಿನೆಂಟು ರೊಟ್ಟಿ ತಿಂದು, ಚಟ್ನಿಪುಡಿ ಇಲ್ಲವೇ ಎಂದಿತು ಎಂದೆ. ಬೀಗರು ಹೊಟ್ಟೆ ಹಿಡಿದು ನಗುತ್ತಿದ್ದರು.

"ಆಮ್ಯಾಲೆ ಓಲೆ ಕೇಳ್ತು ನೋಡ್ರಿ. ಕೊಡಲ್ಲ ಅಂದ್ಲು. ಅದು ಬಲಗಿವಿಗೆ ಬಾಯಿ ಹಾಕ್ತು!"

"ಎಡಗಿವಿ," ಎಂದಳು ಮರುಳಸಿದ್ದಮ್ಮ.

ಇದು ನನ್ನ ಕಸುಬು. ನಿಜ ಗೊತ್ತಿದ್ದವರ ಮುಂದೆ ಒಂದು ಸಣ್ಣ ಸುಳ್ಳು ಹೇಳಿ ನೋಡಿ. ನಾಲಿಗೆ ತಡೆಯುವುದಿಲ್ಲ.

"ಬಲಗಿವಿ, ಅಮ್ಮಾರೇ. ನನಗೆ ಗೊತ್ತಿಲ್ವಾ?"

"ನಿನಗೇನೋ ಗೊತ್ತು? ಎಡಗಿವಿ! ಅವ್ವ ಎದುರಿಗೆ ನಿಂತು ಬಲಗೈ ಹಾಕಿದ್ಲು. ಎದುರಿನೋರದು ಯಾವ ಕಿವಿ ಸಿಗ್ತೈತೆ ಹೇಳು ಮತ್ತೆ. ನಾನು ಹಿಂಡಿ ಬುಟ್ಟಿ ಹಿಡ್ಕಂಡು ಅಲ್ಲೇ ಇದ್ದೆ." ಬಲಗೈ ಚಾಚಿ ಗಾಳಿಯಲ್ಲಿ ಹಿಡಿದು ಎಳೆದು ತೋರಿಸಿದಳು. ಕೈ ಅಲ್ಲೇ ನಿಂತಿತು. ತಾನು ಏನು ಹೇಳಿಬಿಟ್ಟೆ ಎಂದು ಅವಳಿಗೆ ಆಗ ತಿಳಿಯಿತು.

ನಗುತ್ತಿದ್ದ ಬೀಗರು ಮುದುಕಿಯ ಕಡೆ ತಿರುಗಿದರು.

"ಯಾರವ್ವ, ಅಮ್ಮಾರೇ?" ಎಂದೆ.

"ನಮ್ಮವ್ವ."

"ಅತ್ತೆ, ನೀವು ಒಳಗೆ ನಡೀರಿ," ಎಂದರು ಕೊಟ್ಟೂರೇಶ್.

"ತಡಿಯೋ." ಮುದುಕಿ ಮೊದಲ ಸಲ ಕತ್ತೆತ್ತಿ ಫ್ಲೆಕ್ಸ್ ನೋಡಿದಳು. "ನಮ್ಮವ್ವ ಜಲ್ಮದಾಗ ಎಮ್ಮೆ ಮುಟ್ಟಿದಾಕಿ ಅಲ್ಲ. ಈಕಿ ಕೆಂಚಿ."

"ಕೆಂಚವ್ವ," ಎಂದೆ.

ಅವಳು ನನ್ನ ಮುಖ ನೋಡಿದಳು. "ಕೆಂಚವ್ವ," ಎಂದಳು.

ಕೊಟ್ಟೂರೇಶರ ಮುಖ ಕಪ್ಪಾಯಿತು. "ಇಳಿಸ್ರೋ ಅದನ್ನ!"

"ಇಳಿಸಬ್ಯಾಡ್ರಿ!" ನನ್ನ ಕೂಗಿಗೆ ಅಡುಗೆಯವರೂ ಸೌಟು ಹಿಡಿದೇ ಹೊರಗೆ ಬಂದರು. "ನಿನ್ನೆ ತನಕ ಮಹಾತಾಯಿ, ಇವತ್ತು ಇಳಿಸ್ತೀರಾ? ಆಕೆ ಇರ್ಲಿ. ನಿಮ್ಮಜ್ಜಿ ಹೆಸರು ತೆಗೀರಿ, ನಗು ತೆಗೀರಿ, ಕಿವಿ ಇದ್ದಂಗೆ ಮಾಡ್ರಿ. ಎರಡು ಸೆಕೆಂಡಿನ ಕೆಲಸ ಅಲ್ಲೇನ್ರಿ ಅದು?"

"ಶುಭಕಾರ್ಯದ ದಿನ ಇದೆಲ್ಲ ಏನೋ ಅಜ್ಜಪ್ಪ..."

ಮರುಳಸಿದ್ದಮ್ಮ ಎದ್ದಳು. ಸಂಚಿಯಿಂದ ಅಡಕತ್ತರಿ ತೆಗೆದಳು. "ಬಗ್ಗಿಸು," ಎಂದಳು ನನಗೆ. ನಾನು ಒಂದು ಕಡೆಯ ಹಗ್ಗ ಬಿಚ್ಚಿ ಫ್ಲೆಕ್ಸಿನ ಚೌಕಟ್ಟನ್ನು ಬಗ್ಗಿಸಿ ಹಿಡಿದೆ. ಅವ್ವನ ಮುಖ ನಿಧಾನವಾಗಿ ಕೆಳಗೆ ಬಂದು ಮುದುಕಿಯ ಕೈಗೆ ಸಿಕ್ಕಿತು. ಅವಳು ಬಂಗಾರದ ಓಲೆಯ ಸುತ್ತ ಕತ್ತರಿಸಿದಳು. ದಪ್ಪ ಫ್ಲೆಕ್ಸು, ಅಡಿಕೆ ಕತ್ತರಿಸುವ ಕತ್ತರಿ, ತುಂಬ ಹೊತ್ತು ಹಿಡಿಯಿತು. ಕರ್ ಕರ್ ಎಂಬ ಸದ್ದೊಂದೇ. ಓಲೆ ಕೆಳಗೆ ಬಿತ್ತು. ಕಿವಿಯ ಜಾಗದಲ್ಲಿ ಹರಿದ ತೂತಿನಿಂದ ಆಚೆಯ ಬೀದಿ ಕಾಣಿಸಿತು.

"ತಪ್ಪಾತು ಅಂತ ನಮ್ಮವ್ವ ಹೇಳ್ಬೇಕಿತ್ತು," ಎಂದಳು. "ನಾನು ಹೇಳಿದ್ರೆ ಏನು ಬಂತು?"

"ಏನೂ ಬರಲ್ರಿ, ಅಮ್ಮಾರೇ," ಎಂದೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣೀರು ಹಾಕಿ ಕೈ ಮುಗಿಯುತ್ತಿದ್ದರೇನೋ. ನನಗೆ ಆಗಲಿಲ್ಲ. "ಆದ್ರೂ ಹೇಳ್ರಿ."

ಹೇಳಿದಳು. ಎಲ್ಲರ ಮುಂದೆ, ಫ್ಲೆಕ್ಸಿನ ಕಡೆ ತಿರುಗಿ. ನಾನು ಊಟ ಮಾಡದೆ ಬಂದೆ.

ನನ್ನ ಹಿಂದೆಯೇ ಫ್ಲೆಕ್ಸನ್ನು ಇಳಿಸಿದರೆಂದು ಅಬ್ರಾರ್ ಫೋನು ಮಾಡಿ ಹೇಳಿದ. ಇಳಿಸಿದವರ ಮೇಲೆ ಮರುಳಸಿದ್ದಮ್ಮ ಕುರ್ಚಿಯಿಂದಲೇ ಅಡಕತ್ತರಿ ಎಸೆದಳಂತೆ. ಅದು ನಿಜವೋ ಸುಳ್ಳೋ ಗೊತ್ತಿಲ್ಲ. ಆ ಹುಡುಗನಿಗೂ ನನ್ನ ಕಸುಬು ಹತ್ತುತ್ತಿರಬಹುದು.

ಈಗ ಗಿರಣಿಯ ಸಾಲಿನಲ್ಲಿ ಕೂತಿದ್ದೇನೆ. ಮುಂದೆ ಹನ್ನೊಂದು ಟ್ರ್ಯಾಕ್ಟರ್ ಇವೆ. ನಬೀ ಸಾಬ್ ಬೀಡಿ ಹಚ್ಚಿ ಪಕ್ಕದಲ್ಲಿ ಇಣುಕುತ್ತಿದ್ದಾನೆ. ಫೋನಿಗೆ ಹೇಳಿದೆ: ಚಪ್ಪರ ಬರಿ, ಅಡಕತ್ತರಿ ಹಿಡಿದ ಮುದುಕಿಯನ್ನು ಬರಿ, ಪಕ್ಕದಲ್ಲಿ ಚೌಕಟ್ಟು ಬಗ್ಗಿಸಿ ಹಿಡಿದವನನ್ನು ಬರಿ, ಅವನಿಗೆ ಸಿಟ್ಟು ಬಂದಿರಬೇಕು.

ಬರೆಯಿತು. ಚಪ್ಪರ ಚೆನ್ನಾಗಿದೆ. ಮುದುಕಿ ನಗುತ್ತಿದ್ದಾಳೆ. ನಾನೂ ಹಲ್ಲು ಬಿಟ್ಟುಕೊಂಡು ನಗುತ್ತಿದ್ದೇನೆ.

"ಚೆಂದ ಬಂದೀಯಲ್ಲೋ," ಎಂದ ನಬೀ ಸಾಬ್.

"ಏನು ಚೆಂದ?" ಎಂದೆ. ಫೋನನ್ನು ಬಾಯಿಯ ಹತ್ತಿರ ಹಿಡಿದೆ. "ನಗಿಸಬ್ಯಾಡ. ಮತ್ತೆ ಬರಿ."